ಗರ್ಭ ಕಳೆದುಕೊಂಡ ನಂತರದ ಆಪ್ತಸಮಾಲೋಚನೆ: ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನಗೆ 29 ವರ್ಷ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಖಾಸಗಿ ಶಾಲೆಯ ಶಿಕ್ಷಕಿಯಾಗಿದ್ದೇನೆ. ಮೂರು ತಿಂಗಳ ಹಿಂದೆ, ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಮಗುವಿನ ತಲೆಬುರುಡೆ ಬೆಳೆದಿಲ್ಲ ಎಂದು ಗೊತ್ತಾಯಿತು. ಮಗು ಬದುಕುವುದಿಲ್ಲ ಎಂದು ಇಬ್ಬರು ವೈದ್ಯರು ಹೇಳಿದ ಮೇಲೆ ಗರ್ಭಪಾತಕ್ಕೆ ನಾನೇ ಸಹಿ ಹಾಕಿದೆ. ಮೂರನೇ ದಿನ ಎದೆಹಾಲು ಬಂತು. ಹೀಗಾಗಬಹುದೆಂದು ಯಾರೂ ಹೇಳಿರಲಿಲ್ಲ. ಮದುವೆಯಾದ ಹೊಸತರಲ್ಲಿ, ಬಿ.ಇಡಿ. ಓದುತ್ತಿದ್ದಾಗ, ಏಳು ವಾರದ ಗರ್ಭವನ್ನು ವೈದ್ಯರು ಕೊಟ್ಟ ಮಾತ್ರೆಯಿಂದ ತೆಗೆಸಿದ್ದೆ. ಅದು ನನಗೂ ಗಂಡನಿಗೂ ಬಿಟ್ಟರೆ ಯಾರಿಗೂ ತಿಳಿಯದು. ಆಗ ಮಾಡಿದ್ದರ ಶಿಕ್ಷೆಯೇ ಇದು ಎಂದು ರಾತ್ರಿಯೆಲ್ಲ ಅನ್ನಿಸುತ್ತದೆ. ಅತ್ತೆ ‘ಆಗಿದ್ದು ಆಯ್ತು, ಇನ್ನೊಂದು ಮಗು ಆದರೆ ಎಲ್ಲ ಮರೆತುಹೋಗುತ್ತೆ’ ಎನ್ನುತ್ತಾರೆ. ಗಂಡ ಆ ಮಾತನ್ನೇ ಎತ್ತುವುದಿಲ್ಲ. ಮುಂದಿನ ತಿಂಗಳು ನಾದಿನಿಯ ಸೀಮಂತವಿದೆ. ನೆನೆದರೆ ಕೈಕಾಲು ತಣ್ಣಗಾಗುತ್ತವೆ. ಆಪ್ತಸಮಾಲೋಚನೆಗೆ ಹೋಗೆಂದು ಗೆಳತಿ ಹೇಳುತ್ತಿದ್ದಾಳೆ. ಅಲ್ಲಿ ಏನು ಮಾಡುತ್ತಾರೆ? ಎಲ್ಲವನ್ನೂ ಕೆದಕಿ ಇನ್ನಷ್ಟು ನೋಯಿಸುವುದಿಲ್ಲವೇ? ಮೊದಲನೆಯ ವಿಷಯ ಮನೆಯವರಿಗೆ ತಿಳಿದುಬಿಟ್ಟರೆ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ನೋವುಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು, ಬಯಸಿದ ಮಗುವನ್ನು ಕಳೆದುಕೊಂಡ ದುಃಖ. ಇನ್ನೊಂದು, ಅದಕ್ಕೆ ನಾನೇ ಕಾರಣ ಎಂಬ ಅಪರಾಧ ಭಾವ. ಇವೆರಡನ್ನೂ ನೀವು ಒಂದೇ ಎಂಬಂತೆ ಬರೆದಿದ್ದೀರಿ. ಇಂಥ ಸ್ಥಿತಿಯಲ್ಲಿ ಬರುವ ಬಹುತೇಕ ಮಹಿಳೆಯರೂ ಹಾಗೆಯೇ ಹೇಳುತ್ತಾರೆ. ಆದರೆ ಇವೆರಡಕ್ಕೂ ಬೇಕಾದ ಆರೈಕೆ ಬೇರೆ. ದುಃಖವನ್ನು ಯಾರೂ ಪ್ರಶ್ನಿಸಬೇಕಾಗಿಲ್ಲ, ಅದಕ್ಕೆ ಸಮಯ ಕೊಡಬೇಕು, ಕೇಳುವ ಒಬ್ಬರು ಬೇಕು. ಅಪರಾಧ ಭಾವವನ್ನು ಮಾತ್ರ ಒಂದೊಂದೇ ಪ್ರಶ್ನೆ ಹಾಕಿ ಪರಿಶೀಲಿಸಲೇಬೇಕು, ಏಕೆಂದರೆ ಅದು ಹೇಳುವುದೆಲ್ಲ ನಿಜವಾಗಿರುವುದಿಲ್ಲ. ಆಪ್ತಸಮಾಲೋಚನೆಯಲ್ಲಿ ಮೊದಲು ನಡೆಯುವ ಕೆಲಸವೆಂದರೆ ಇವೆರಡನ್ನೂ ಬಿಡಿಸುವುದು. ಹಾಗಾಗಿ ನಾನೂ ಅಲ್ಲಿಂದಲೇ ಆರಂಭಿಸುತ್ತೇನೆ.

ನಿಮ್ಮ ಮಗುವಿಗೆ ಬಂದಿದ್ದ ಸ್ಥಿತಿಯನ್ನು ವೈದ್ಯರು ಅನೆನ್ಸೆಫಲಿ ಎನ್ನುತ್ತಾರೆ. ಗರ್ಭ ಕಟ್ಟಿದ ಸುಮಾರು 28 ದಿನಗಳೊಳಗೆ ಭ್ರೂಣದ ಬೆನ್ನಿನುದ್ದಕ್ಕೂ ಇರುವ ನರನಾಳ ಮುಚ್ಚಿಕೊಳ್ಳಬೇಕು. ಅದರ ಮೇಲ್ತುದಿ ಮುಚ್ಚದೆ ಉಳಿದರೆ ಮೆದುಳೂ ತಲೆಬುರುಡೆಯೂ ರೂಪುಗೊಳ್ಳುವುದಿಲ್ಲ. ಆ 28 ದಿನ ಮುಗಿಯುವ ಹೊತ್ತಿಗೆ ಎಷ್ಟೋ ಮಹಿಳೆಯರಿಗೆ ಮುಟ್ಟು ನಿಂತಿದೆ ಎಂಬುದರ ಬಗ್ಗೆಯೇ ಖಚಿತವಿರುವುದಿಲ್ಲ. ಅಂದರೆ ನೀವು ಗರ್ಭಿಣಿ ಎಂದು ತಿಳಿದು ಸಂತೋಷಪಟ್ಟ ದಿನದ ವೇಳೆಗೇ ಆಗಬೇಕಾದದ್ದು ಆಗಿಹೋಗಿತ್ತು ಎನ್ನಬಹುದು. ಆಮೇಲೆ ನೀವು ಬಸ್ಸಿನಲ್ಲಿ ಓಡಾಡಿದ್ದು, ಶಾಲೆಯಲ್ಲಿ ನಿಂತು ಪಾಠ ಮಾಡಿದ್ದು, ಪಪ್ಪಾಯಿ ತಿಂದದ್ದು, ಗ್ರಹಣದ ದಿನ ಹೊರಗೆ ಹೋದದ್ದು, ಇವು ಯಾವುವೂ ಅದನ್ನು ಉಂಟುಮಾಡಲಿಲ್ಲ. ಅನುವಂಶೀಯ ಅಂಶಗಳು, ದೇಹದಲ್ಲಿನ ಫೋಲೇಟ್ (ಫೋಲಿಕ್ ಆ್ಯಸಿಡ್ ಮಾತ್ರೆಯಿಂದ ಸಿಗುವ ಬಿ ವಿಟಮಿನ್) ಪ್ರಮಾಣ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಅಪಸ್ಮಾರಕ್ಕೆ ಕೊಡುವ ಕೆಲವು ಔಷಧಗಳು ಇದರಲ್ಲಿ ಪಾತ್ರ ವಹಿಸುತ್ತವೆ ಎಂದು ಗೊತ್ತಿದೆ. ಬಹಳಷ್ಟು ಪ್ರಕರಣಗಳಲ್ಲಿ ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಹಿಂದೆ ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರೆಯಿಂದ ಆದ ಗರ್ಭಪಾತ ಇದಕ್ಕೆ ಕಾರಣವಲ್ಲ. ಆ ಮಾತ್ರೆಗಳು ಕೆಲವು ವಾರಗಳೊಳಗೆ ದೇಹದಿಂದ ಹೊರಟುಹೋಗುತ್ತವೆ. ವರ್ಷಗಳ ನಂತರದ ಇನ್ನೊಂದು ಗರ್ಭವನ್ನು ಅವು ಮುಟ್ಟುವುದಿಲ್ಲ.

ಫೋಲಿಕ್ ಆ್ಯಸಿಡ್ ಮಾತ್ರೆಯ ವಿಷಯ ಓದಿದ ಕೂಡಲೇ ನಿಮ್ಮ ಮನಸ್ಸು ‘ನಾನು ಮೊದಲೇ ತೆಗೆದುಕೊಂಡಿರಲಿಲ್ಲವಲ್ಲ’ ಎಂದು ಹೊಸದೊಂದು ಆರೋಪ ಹುಡುಕಬಹುದು. ಅದನ್ನು ಅಡಗಿಸಿಡದೆ ಹೇಳುತ್ತೇನೆ. ಗರ್ಭ ಧರಿಸುವ ಮೊದಲೇ ಆ ಮಾತ್ರೆ ಆರಂಭಿಸಿದರೆ ನರನಾಳದ ದೋಷ ಬರುವ ಸಂಭವ ಕಡಿಮೆಯಾಗುತ್ತದೆ, ಇದು ನಿಜ. ಆದರೆ ಪೂರ್ತಿ ಇಲ್ಲವಾಗುವುದಿಲ್ಲ. ತಪ್ಪದೆ ತೆಗೆದುಕೊಂಡವರಲ್ಲೂ ಹೀಗಾಗುತ್ತದೆ, ತೆಗೆದುಕೊಳ್ಳದ ಬಹುಪಾಲು ಮಹಿಳೆಯರಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತವೆ. ನಮ್ಮಲ್ಲಿ ಆ ಮಾತ್ರೆ ಕೈಗೆ ಬರುವುದೇ ಗರ್ಭಿಣಿ ಎಂದು ತಾಯಿ ಕಾರ್ಡ್ ಮಾಡಿಸಿದ ಮೇಲೆ. ಯಾರೂ ನಿಮಗೆ ಮೊದಲೇ ಹೇಳದೆ ಇದ್ದದ್ದನ್ನು ನೀವು ಮಾಡಿದ ತಪ್ಪೆಂದು ಎಣಿಸಿಕೊಳ್ಳಬೇಡಿ.

ಇನ್ನು ಸಹಿಯ ವಿಷಯ. ‘ನಾನೇ ಸಹಿ ಹಾಕಿದೆ’ ಎಂದು ಬರೆದಿದ್ದೀರಿ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ, ವಯಸ್ಕ ಮಹಿಳೆಯಾದರೆ ಆಕೆಯೊಬ್ಬಳ ಸಮ್ಮತಿ ಸಾಕು ಎನ್ನುತ್ತದೆ. ಗಂಡನದ್ದಾಗಲಿ ಅತ್ತೆ ಮಾವನದ್ದಾಗಲಿ ಒಪ್ಪಿಗೆ ಬೇಕಿಲ್ಲ. 2021ರ ತಿದ್ದುಪಡಿಯ ನಂತರ 20 ವಾರಗಳವರೆಗೆ ಒಬ್ಬ ವೈದ್ಯರ, ನಿಗದಿತ ಸಂದರ್ಭಗಳಲ್ಲಿ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಭ್ರೂಣದಲ್ಲಿ ಗಂಭೀರ ದೋಷವಿದ್ದರೆ 24 ವಾರ ದಾಟಿದ ಮೇಲೂ ವೈದ್ಯಕೀಯ ಮಂಡಳಿ ಅನುಮತಿ ಕೊಡಬಹುದು. ಬೇರೆ ಯಾರೂ ನಿಮ್ಮ ಪರವಾಗಿ ನಿರ್ಧರಿಸಬಾರದು, ನಿಮ್ಮ ಮೇಲೆ ಒತ್ತಡ ಹೇರಬಾರದು ಎಂದೇ ಕಾನೂನು ಆ ಸಹಿಯನ್ನು ನಿಮ್ಮ ಕೈಯಲ್ಲಿ ಇಟ್ಟಿದೆ. ಆದರೆ ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಅದೇ ಸಹಿ ತಾಯಿಯೊಬ್ಬಳ ವಿರುದ್ಧದ ಸಾಕ್ಷಿಯಂತೆ ಕಾಣುತ್ತದೆ. ಬಯಸಿದ ಗರ್ಭವನ್ನು ಭ್ರೂಣದ ದೋಷಕ್ಕಾಗಿ ಕೊನೆಗೊಳಿಸಬೇಕಾದ ಮಹಿಳೆಯರ ನೋವಿನ ವಿಶೇಷ ಭಾರ ಇರುವುದು ಇಲ್ಲಿಯೇ. ಹುಟ್ಟುವಾಗಲೇ ಮಗು ತೀರಿಕೊಂಡ ತಾಯಿಯ ದುಃಖದಷ್ಟೇ ಇವರ ದುಃಖವೂ ಆಳವಾಗಿರುತ್ತದೆ. ಅದರ ಜೊತೆಗೆ, ದಿನವನ್ನು ಗೊತ್ತುಮಾಡಿದ್ದು ನಾನು ಎಂಬ ನೆನಪೂ ಸೇರಿಕೊಳ್ಳುತ್ತದೆ. ಆದರೆ ನಿಮ್ಮ ಮುಂದೆ ಇದ್ದ ಆಯ್ಕೆ ಬದುಕು ಮತ್ತು ಸಾವಿನ ನಡುವಿನದಾಗಿರಲಿಲ್ಲ. ಅನೆನ್ಸೆಫಲಿ ಇರುವ ಮಕ್ಕಳು ಗರ್ಭದಲ್ಲೇ ಅಥವಾ ಹುಟ್ಟಿದ ಕೆಲವು ಗಂಟೆ, ಕೆಲವು ದಿನಗಳಲ್ಲಿ ತೀರಿಕೊಳ್ಳುತ್ತವೆ; ಅದಕ್ಕೆ ಚಿಕಿತ್ಸೆ ಇಲ್ಲ. ಆ ಸಾವನ್ನು ನೀವು ತಂದಿಲ್ಲ. ಅದು ಯಾವಾಗ, ಯಾವ ರೀತಿಯಲ್ಲಿ ಬರಬೇಕೆಂಬ ಕ್ರೂರ ಪ್ರಶ್ನೆಗೆ ಉತ್ತರ ಹೇಳಬೇಕಾದ ಸ್ಥಾನದಲ್ಲಿ ನಿಮ್ಮನ್ನು ನಿಲ್ಲಿಸಲಾಗಿತ್ತು.

ಇದನ್ನೆಲ್ಲ ನಾನು ಬರೆದೆ, ನೀವು ಓದಿದಿರಿ, ಬಹುಶಃ ಒಪ್ಪಿಯೂ ಒಪ್ಪಿದಿರಿ. ಆದರೂ ಇವತ್ತು ರಾತ್ರಿ ಆ ಯೋಚನೆ ಮತ್ತೆ ಬರುತ್ತದೆ. ಬುದ್ಧಿಗೆ ತಿಳಿದದ್ದು ಮನಸ್ಸಿಗೆ ಇಳಿಯಲು ಬೇರೆಯೇ ದಾರಿ ಬೇಕು, ಆಪ್ತಸಮಾಲೋಚನೆ ಅದಕ್ಕಾಗಿಯೇ ಇರುವುದು. ಅಪರಾಧ ಭಾವಕ್ಕೆ ಬಳಸುವ ಒಂದು ವಿಧಾನವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದು ಬಿಳಿ ಹಾಳೆಯ ಮೇಲೆ ದೊಡ್ಡ ವೃತ್ತವೊಂದನ್ನು ಬರೆಯಿಸುತ್ತೇವೆ. ಹೀಗಾಗಲು ಏನೇನು ಕಾರಣವಿರಬಹುದು ಎಂದು ಆಕೆಯೇ ಪಕ್ಕದಲ್ಲಿ ಪಟ್ಟಿ ಮಾಡಬೇಕು: ಜೀನುಗಳು, ಆಕಸ್ಮಿಕ, ಮೊದಲೇ ಸಿಗದ ಮಾಹಿತಿ, ಯಾರಿಗೂ ತಿಳಿಯದ ಕಾರಣ, ಹೀಗೆ. ಆಮೇಲೆ ಒಂದೊಂದಕ್ಕೂ ವೃತ್ತದಲ್ಲಿ ಎಷ್ಟು ಪಾಲು ಎಂದು ಗೆರೆ ಎಳೆಯುತ್ತಾ ಹೋಗಬೇಕು. ತನ್ನ ಪಾಲನ್ನು ಗುರುತಿಸುವುದು ಎಲ್ಲಕ್ಕಿಂತ ಕೊನೆಗೆ. ಮೊದಲೇ ಕೇಳಿದ್ದರೆ ಇಡೀ ವೃತ್ತ ನನ್ನದೇ ಎನ್ನುತ್ತಿದ್ದವರು, ಉಳಿದದ್ದನ್ನೆಲ್ಲ ಗುರುತಿಸಿ ಮುಗಿಸುವಷ್ಟರಲ್ಲಿ ಪೆನ್ಸಿಲ್ ಹಿಡಿದುಕೊಂಡು ಸುಮ್ಮನೆ ಕುಳಿತುಬಿಡುತ್ತಾರೆ. ಕೆಲವರು ಆಗಲೂ ಒಂದು ಸಣ್ಣ ಹೋಳನ್ನು ತಮ್ಮದೆಂದು ಇಟ್ಟುಕೊಳ್ಳುತ್ತಾರೆ. ಅದನ್ನು ಅವರಿಂದ ಕಸಿದುಕೊಳ್ಳಲು ಹೋಗುವುದಿಲ್ಲ. ಆ ಹೋಳಿನೊಳಗೆ ಏನಿದೆ ಎಂದು ಕೇಳುತ್ತೇವೆ. ಬಹಳ ಸಲ ಅಲ್ಲಿ ತಪ್ಪು ಇರುವುದಿಲ್ಲ. ಮಗುವಿಗೆ ಏನನ್ನೂ ಮಾಡಲಾಗಲಿಲ್ಲ ಎಂಬ ಸಂಕಟ ಇರುತ್ತದೆ. ಅಲ್ಲಿಗೆ ಅಪರಾಧ ಭಾವದ ಮಾತು ಮುಗಿದು ದುಃಖದ ಮಾತು ಆರಂಭವಾಗುತ್ತದೆ.

ಮೊದಲ ಗರ್ಭಪಾತದ ಬಗ್ಗೆಯೂ ಹೀಗೆಯೇ ನಿಧಾನವಾಗಿ ನೋಡಬೇಕು. ಅಮೆರಿಕದಲ್ಲಿ ಗರ್ಭಪಾತ ಬಯಸಿ ಬಂದ ಸುಮಾರು ಸಾವಿರ ಮಹಿಳೆಯರನ್ನು ಐದು ವರ್ಷಗಳ ಕಾಲ ಮಾತನಾಡಿಸಿದ ದೊಡ್ಡ ಅಧ್ಯಯನವೊಂದಿದೆ. ಗರ್ಭಪಾತ ಮಾಡಿಸಿಕೊಂಡವರಲ್ಲಿ ಬಹುಪಾಲು ಜನ ಆ ನಿರ್ಧಾರ ತಮಗೆ ಸರಿಯಾಗಿತ್ತು ಎಂದೇ ಹೇಳಿದರು. ಅವರಲ್ಲಿ ಹೆಚ್ಚಾಗಿ ಕಂಡುಬಂದ ಭಾವನೆ ನಿರಾಳತೆ. ಗರ್ಭಪಾತವೇ ಖಿನ್ನತೆಗೆ ಕಾರಣವಾಗುತ್ತದೆ ಎಂಬುದಕ್ಕೆ ಅಲ್ಲಿ ಆಧಾರ ಸಿಗಲಿಲ್ಲ. ಬ್ರಿಟನ್ನಿನಲ್ಲಿ 2011ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗಲೂ ಬೇಡದ ಗರ್ಭವನ್ನು ತೆಗೆಸಿದವರಲ್ಲೂ ಹೆತ್ತವರಲ್ಲೂ ಮಾನಸಿಕ ತೊಂದರೆಯ ಪ್ರಮಾಣ ಒಂದೇ ತೆರನಾಗಿತ್ತು. ಒಂದು ಮಾತನ್ನು ಇಲ್ಲಿ ಸೇರಿಸಬೇಕು: ಅಮೆರಿಕದ ಆ ಅಧ್ಯಯನದಲ್ಲಿ ಭ್ರೂಣದ ದೋಷಕ್ಕಾಗಿ ಬಂದವರನ್ನು ಸೇರಿಸಿಕೊಂಡಿರಲಿಲ್ಲ. ಆದ್ದರಿಂದ ಅದು ನಿಮ್ಮ ಮೊದಲನೆಯ ಅನುಭವಕ್ಕೆ ಅನ್ವಯವಾಗುತ್ತದೆಯೇ ಹೊರತು ಎರಡನೆಯದಕ್ಕಲ್ಲ. ಆ ಮೊದಲ ಸಲ ನಿಮಗೆ ನಿರಾಳವೆನಿಸಿರಬಹುದು, ಜೊತೆಗೆ ಸಣ್ಣ ಬೇಸರವೂ ಆಗಿರಬಹುದು, ಆಮೇಲೆ ಪರೀಕ್ಷೆ, ಕೆಲಸ, ಸಂಸಾರವೆಂದು ದಿನಗಳು ಸಾಗಿರಬಹುದು. ಅದರಲ್ಲಿ ಅಸಹಜವಾದದ್ದು ಏನೂ ಇಲ್ಲ. ಎರಡನೆಯ ನಷ್ಟ ಬಂದಮೇಲೆ ಮನಸ್ಸು ಕಾರಣಕ್ಕಾಗಿ ತಡಕಾಡಿ, ಗುಟ್ಟಾಗಿ ಇಟ್ಟದ್ದನ್ನೇ ಮೊದಲು ಹಿಡಿದುಕೊಂಡಿದೆ. ಯಾರೊಡನೆಯೂ ಹೇಳಲಾಗದ ವಿಷಯ ತಪ್ಪಿನಂತೆ ಕಾಣುವುದು ಸುಲಭ.

ಈಗ ದುಃಖದ ಬಗ್ಗೆ. ನಿಮ್ಮ ಅತ್ತೆಯವರ ಮಾತಿನಲ್ಲಿ ಕೆಟ್ಟ ಉದ್ದೇಶ ಇದೆಯೆಂದು ನನಗೆ ಅನ್ನಿಸುವುದಿಲ್ಲ. ಅವರ ಕಾಲದಲ್ಲಿ ಎಷ್ಟೋ ಹೆಂಗಸರು ಎರಡು ಮೂರು ಸಲ ಹೀಗೆ ಕಳೆದುಕೊಂಡು, ಮಾರನೆಯ ವಾರವೇ ಹೊಲದ ಕೆಲಸಕ್ಕೆ ಇಳಿದವರು. ಅಳಲು ಅವರಿಗೂ ಯಾರೂ ಜಾಗ ಕೊಟ್ಟಿರಲಿಲ್ಲ. ಆದರೆ ಉದ್ದೇಶ ಒಳ್ಳೆಯದಾದ ಮಾತ್ರಕ್ಕೆ ಮಾತು ನೋಯಿಸದೆ ಇರುವುದಿಲ್ಲ. ಹಿರಿಯರೊಬ್ಬರು ತೀರಿಕೊಂಡರೆ ಮನೆತುಂಬ ಜನ, ಸೂತಕ, ಹನ್ನೊಂದನೇ ದಿನ, ವರ್ಷದ ತಿಥಿ ಎಂದು ದುಃಖಕ್ಕೆ ಒಂದು ಚೌಕಟ್ಟು ಇರುತ್ತದೆ. ಗರ್ಭದಲ್ಲಿದ್ದ ಮಗು ಹೋದರೆ ಇದಾವುದೂ ಇಲ್ಲ. ಬಾಣಂತಿಯ ಮೈಯಿದೆ, ಬಾಣಂತನವಿಲ್ಲ. ನಿಮಗೆ ಹಾಲು ಬಂದದ್ದು ಇದರ ಅತ್ಯಂತ ನೋವಿನ ಭಾಗ. ಮಾಸು ಹೊರಬಂದ ಮೇಲೆ ದೇಹದ ಹಾರ್ಮೋನುಗಳು ಬದಲಾಗಿ, ಎರಡರಿಂದ ನಾಲ್ಕು ದಿನಗಳಲ್ಲಿ ಹಾಲು ಇಳಿಯುತ್ತದೆ. ಮಗು ಇಲ್ಲ ಎಂಬುದು ದೇಹಕ್ಕೆ ತಿಳಿಯದು. ನಾಲ್ಕನೇ ತಿಂಗಳ ನಂತರದ ಯಾವ ಗರ್ಭನಷ್ಟದಲ್ಲೂ ಹೀಗಾಗಬಹುದು. ಆಸ್ಪತ್ರೆಯಿಂದ ಕಳಿಸುವಾಗ ಇದನ್ನು ಹೇಳಿ ಕಳಿಸುವುದು ವೈದ್ಯರ ಮತ್ತು ದಾದಿಯರ ಕರ್ತವ್ಯ, ಹೇಳದೆ ಇರುವುದು ದೊಡ್ಡ ಲೋಪ ಎಂದು ನಾನು ದೃಢವಾಗಿ ನಂಬುತ್ತೇನೆ. ಸರಿಯಾದ ಅಳತೆಯ, ಗಟ್ಟಿಯಾಗಿ ಆಧಾರ ಕೊಡುವ ಬ್ರಾ, ತಣ್ಣನೆಯ ಬಟ್ಟೆ, ತೀರಾ ಬಿಗಿದಾಗ ನೋವು ಇಳಿಯುವಷ್ಟು ಮಾತ್ರ ಹಿಂಡಿ ತೆಗೆಯುವುದು, ಬೇಕಿದ್ದರೆ ವೈದ್ಯರು ಬರೆದುಕೊಡುವ ಮಾತ್ರೆ, ಇವುಗಳಿಂದ ಅದು ನಿಲ್ಲುತ್ತದೆ. ನಮ್ಮ ಕಡೆ ಹಿಂದಿನವರು ಎದೆಗೆ ಮಲ್ಲಿಗೆ ಹೂವಿನ ದಂಡೆ ಕಟ್ಟುತ್ತಿದ್ದರು. ಅದರಿಂದ ಹಾಲು ಕಡಿಮೆಯಾಗುತ್ತದೆ ಎಂದು 1988ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ಅಧ್ಯಯನವೂ ತೋರಿಸಿತು. ಅಂದರೆ ಈ ಸಂಕಟವನ್ನು ಕಂಡ ಹೆಂಗಸರು ಹಿಂದೆಯೂ ಇದ್ದರು, ಅದಕ್ಕೆ ಅವರಿಗೆ ತಿಳಿದ ಉಪಾಯವನ್ನೂ ಮಾಡುತ್ತಿದ್ದರು.

ಮೂರು ತಿಂಗಳಾದರೂ ಅಳು ಬರುವುದು ಕಾಯಿಲೆಯಲ್ಲ. ಲಂಡನ್ನಿನ ಆಸ್ಪತ್ರೆಗಳಲ್ಲಿ, ಮೊದಲ ತಿಂಗಳುಗಳಲ್ಲೇ ಗರ್ಭ ಕಳೆದುಕೊಂಡ ಮಹಿಳೆಯರನ್ನು ಕುರಿತು ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ತಿಂಗಳ ನಂತರ ನೂರಕ್ಕೆ 29 ಮಂದಿಯಲ್ಲಿ ಆಘಾತೋತ್ತರ ಒತ್ತಡದ ಲಕ್ಷಣಗಳಿದ್ದವು; ಒಂಬತ್ತು ತಿಂಗಳ ನಂತರವೂ ಅದು ನೂರಕ್ಕೆ 18ರಷ್ಟಿತ್ತು. ಕಣ್ಮುಂದೆ ಆ ಸ್ಕ್ಯಾನಿಂಗ್ ಕೋಣೆ ಮತ್ತೆ ಮತ್ತೆ ಬರುವುದು, ಆ ರಸ್ತೆಯಲ್ಲಿ ಹೋಗಲಾಗದಿರುವುದು, ಬೆಚ್ಚಿ ಏಳುವುದು ಇವೇ ಆ ಲಕ್ಷಣಗಳು. ಇವು ಇದ್ದರೆ ಬರೀ ಸಾಂತ್ವನ ಸಾಲದು, ಆಘಾತಕ್ಕೆಂದೇ ಇರುವ ಚಿಕಿತ್ಸಾ ವಿಧಾನಗಳಿವೆ. ಇನ್ನೊಂದನ್ನು ನೀವು ಗಮನಿಸಿದ್ದೀರೋ ಇಲ್ಲವೋ: ಲೆಕ್ಕ ಹಾಕಿದರೆ ನಿಮಗೆ ಕೊಟ್ಟಿದ್ದ ಹೆರಿಗೆಯ ದಿನಾಂಕವೂ ಮುಂದಿನ ತಿಂಗಳಿನ ಆಸುಪಾಸಿನಲ್ಲೇ ಬರುತ್ತದೆ. ಸೀಮಂತವನ್ನು ನೆನೆದಾಗ ಕೈಕಾಲು ತಣ್ಣಗಾಗಲು ಅದೂ ಕಾರಣವಿರಬಹುದು. ಆ ದಿನ ಹತ್ತಿರ ಬಂದಾಗ ದುಃಖ ಮತ್ತೆ ಉಕ್ಕುವುದು ಬಹಳ ಸಾಮಾನ್ಯ. ಗುಣವಾಗುತ್ತಿದ್ದದ್ದು ಮತ್ತೆ ಕೆಟ್ಟಿತೆಂದು ಹೆದರಬೇಡಿ. ಮೊಬೈಲಿನಲ್ಲಿ ವಾರ ವಾರ ಮಗುವಿನ ಬೆಳವಣಿಗೆ ತಿಳಿಸುವ ಆ್ಯಪ್ ಇನ್ನೂ ಇದ್ದರೆ, ನಿಮಗೆ ಆಗದಿದ್ದರೆ ಗಂಡನ ಕೈಯಲ್ಲಾದರೂ ಇವತ್ತೇ ತೆಗೆಸಿಬಿಡಿ.

ಹಾಗಾದರೆ ಆಪ್ತಸಮಾಲೋಚನೆಯಲ್ಲಿ ಏನು ನಡೆಯುತ್ತದೆ? ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯ ಭೇಟಿ. ಮೊದಲ ಸಲ ಆಪ್ತಸಮಾಲೋಚಕಿ ನಿಮ್ಮ ನಿದ್ರೆ, ಊಟ, ಆರೋಗ್ಯ ವಿಚಾರಿಸುತ್ತಾರೆ. ಖಿನ್ನತೆ ಇದೆಯೇ ಎಂದು ನೋಡಲು ಹತ್ತು ಪ್ರಶ್ನೆಗಳ ಎಡಿನ್‌ಬರೋ ಪ್ರಶ್ನಾವಳಿಯನ್ನು ಕೊಡಬಹುದು, ಅದು ಕನ್ನಡದಲ್ಲಿಯೂ ಇದೆ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳುತ್ತಾರೆ. ಆಮೇಲೆ ನಡೆದದ್ದನ್ನು ನಿಮಗೆ ಎಲ್ಲಿಂದ ಬೇಕೋ ಅಲ್ಲಿಂದ ಹೇಳಲು ಬಿಡುತ್ತಾರೆ. ಕೆದಕಿ ನೋಯಿಸುತ್ತಾರೆಂಬ ನಿಮ್ಮ ಭಯ ಸಹಜವಾದದ್ದು. ಆದರೆ ಒಳ್ಳೆಯ ಆಪ್ತಸಮಾಲೋಚನೆಯಲ್ಲಿ ವೇಗ ನಿಮ್ಮ ಕೈಯಲ್ಲಿರುತ್ತದೆ. ಇವತ್ತು ಇಷ್ಟು ಸಾಕು ಎಂದರೆ ಅಲ್ಲಿಗೇ ನಿಲ್ಲಿಸಬೇಕು. ಹೇಳಿದ ದಿನ ಸ್ವಲ್ಪ ಹೆಚ್ಚು ಅಳು ಬರಬಹುದು, ಮೈಕೈ ಸೋತಂತೆ ಆಗಬಹುದು. ಮುಂದಿನ ಭೇಟಿಗಳಲ್ಲಿ ಅದು ಇಳಿಯಬೇಕು. ಇಳಿಯದೆ ಏರುತ್ತಲೇ ಹೋದರೆ ವಿಧಾನ ಬದಲಾಯಿಸಬೇಕೆಂದು ನೀವೇ ಹೇಳಬಹುದು. ಮಗುವಿಗೆ ಪತ್ರ ಬರೆಯುವುದು, ಸ್ಕ್ಯಾನಿಂಗ್ ಚಿತ್ರವನ್ನೋ ತಾಯಿ ಕಾರ್ಡನ್ನೋ ಎಲ್ಲಿಡಬೇಕೆಂದು ನಿರ್ಧರಿಸುವುದು, ಮನಸ್ಸಿನಲ್ಲೇ ಇಟ್ಟ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳುವುದು, ಇಂಥ ಚಿಕ್ಕ ಚಿಕ್ಕ ಕೆಲಸಗಳೂ ಇದರ ಭಾಗ. ಕೆಲವರಿಗೆ ನಾಲ್ಕಾರು ಭೇಟಿ ಸಾಕಾಗುತ್ತದೆ, ಕೆಲವರಿಗೆ ತಿಂಗಳುಗಳು ಬೇಕು.

ನಮ್ಮಲ್ಲಿ ಮಾತ್ರ ಮತ್ತೆ ಮತ್ತೆ ಎದುರಾಗುವ ಒಂದು ಪ್ರಶ್ನೆ ಇದೆ, ಅದನ್ನು ನೀವು ಕೇಳಿಲ್ಲ: ಮಗುವನ್ನು ಎಲ್ಲಿ ಮಣ್ಣು ಮಾಡಿದರು? ಆಸ್ಪತ್ರೆಯಿಂದ ಗಂಡಸರು ಹೋಗಿ ಕೆಲಸ ಮುಗಿಸಿ ಬರುತ್ತಾರೆ. ಅಥವಾ ಆಸ್ಪತ್ರೆಯವರೇ ವಿಲೇವಾರಿ ಮಾಡಿರುತ್ತಾರೆ. ತಾಯಿಗೆ ಮುಖವನ್ನೂ ತೋರಿಸಿರುವುದಿಲ್ಲ, ಜಾಗವನ್ನೂ ಹೇಳಿರುವುದಿಲ್ಲ. ಆಕೆಯ ಒಳ್ಳೆಯದಕ್ಕೇ ಎಂದು ಎಲ್ಲರೂ ಸೇರಿ ಮೌನವಾಗಿರುತ್ತಾರೆ. ನೋಡಲೇಬೇಕೆಂಬ ಒತ್ತಾಯವೂ ಸಲ್ಲದು, ನೋಡಬಾರದೆಂಬ ತಡೆಯೂ ಸಲ್ಲದು, ಕೇಳಿದವಳಿಗೆ ತಿಳಿಸಬೇಕು. ನಿಮಗೆ ತಿಳಿದುಕೊಳ್ಳಬೇಕೆಂದಿದ್ದರೆ ಗಂಡನನ್ನು ಕೇಳಿ. ಆ ಮಾತನ್ನು ಎತ್ತದೆ ಇರುವ ನಿಮ್ಮ ಗಂಡನ ಎದೆಯಲ್ಲಿ ಆ ದಿನದ ಚಿತ್ರವೊಂದು ಹಾಗೆಯೇ ಕುಳಿತಿರಬಹುದು. ಹೆಂಡತಿಯನ್ನು ಅಳಿಸಬಾರದೆಂದು ಗಂಡ ಸುಮ್ಮನಿರುತ್ತಾನೆ, ಅವನಿಗೆ ನೋವೇ ಆಗಿಲ್ಲವೆಂದು ಹೆಂಡತಿ ತಿಳಿಯುತ್ತಾಳೆ. ಇಂಥ ದಂಪತಿಗಳನ್ನು ನಾನು ಬಹಳ ಕಂಡಿದ್ದೇನೆ. ದುಃಖವನ್ನು ಎದುರಿಸುವವರು ಒಮ್ಮೆ ನೋವಿನ ಕಡೆಗೆ, ಒಮ್ಮೆ ದಿನದ ಕೆಲಸದ ಕಡೆಗೆ ಓಲಾಡುತ್ತಲೇ ಇರುತ್ತಾರೆ. ಗಂಡ ಕೆಲಸದ ಕಡೆ ಹೆಚ್ಚು ವಾಲಿದ್ದಾರೆ, ನೀವು ನೋವಿನ ಕಡೆ ಹೆಚ್ಚು ವಾಲಿದ್ದೀರಿ. ಒಂದು ಸಂಜೆ ಮೊಬೈಲ್ ಬದಿಗಿಟ್ಟು ಹತ್ತು ನಿಮಿಷ ನೀವು ಹೇಳಿ, ಅವರು ಬರೀ ಕೇಳಲಿ, ಸಮಾಧಾನ ಹೇಳುವುದು ಬೇಡ. ಮುಂದಿನ ಹತ್ತು ನಿಮಿಷ ಅವರು ಹೇಳಲಿ. ಆಗದಿದ್ದರೆ ಒಂದು ಭೇಟಿಗೆ ಅವರನ್ನೂ ಕರೆದುಕೊಂಡು ಹೋಗಿ.

ಮನೆಯಲ್ಲಿ ಯಾರಾದರೂ ನಾಗದೋಷವೆಂದು ಹೇಳಿ ಆಶ್ಲೇಷ ಬಲಿಯನ್ನೋ ಸರ್ಪ ಸಂಸ್ಕಾರವನ್ನೋ ಮಾಡಿಸೋಣ ಎನ್ನಬಹುದು. ನಿಮಗೆ ನಂಬಿಕೆಯಿದ್ದು, ಅದರಿಂದ ಮನಸ್ಸಿಗೆ ಸಮಾಧಾನ ಸಿಗುವುದಾದರೆ ಆಪ್ತಸಮಾಲೋಚಕಿ ಅದನ್ನು ಹೀಗಳೆಯಬಾರದು. ಮಗುವಿಗಾಗಿ ಒಂದು ದೀಪ ಹಚ್ಚುವುದು, ಗಿಡ ನೆಡುವುದು, ಅದರ ಹೆಸರಿನಲ್ಲಿ ಅನ್ನದಾನ ಮಾಡುವುದು ಎಷ್ಟೋ ತಾಯಂದಿರಿಗೆ ನೆರವಾಗಿದೆ. ಆದರೆ ನಿಮ್ಮನ್ನೇ ದೋಷಿಯ ಸ್ಥಾನದಲ್ಲಿ ಕೂರಿಸಿ ಪ್ರಾಯಶ್ಚಿತ್ತ ಮಾಡಿಸುವಂಥ ಆಚರಣೆಯಾದರೆ, ಈಗ ಬೇಡ ಎಂದು ಹೇಳುವ ಹಕ್ಕು ನಿಮಗಿದೆ. ಅಪರಾಧ ಭಾವಕ್ಕೆ ಅದು ಇನ್ನಷ್ಟು ಬಲ ಕೊಡುತ್ತದೆ.

ಗುಟ್ಟಿನ ಬಗ್ಗೆ ನೀವು ನಿಶ್ಚಿಂತರಾಗಿರಿ. ಗರ್ಭಪಾತ ಮಾಡಿಸಿಕೊಂಡ ಮಹಿಳೆಯ ಹೆಸರು, ವಿವರಗಳನ್ನು ವೈದ್ಯರು ಬಹಿರಂಗಪಡಿಸಬಾರದು. ಪಡಿಸಿದರೆ ಒಂದು ವರ್ಷದವರೆಗೆ ಜೈಲುಶಿಕ್ಷೆ ಅಥವಾ ದಂಡ ಅಥವಾ ಎರಡೂ ಆಗಬಹುದು ಎಂದು 2021ರ ತಿದ್ದುಪಡಿ ಹೇಳುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಚಿಕಿತ್ಸೆ ಪಡೆಯುವವರ ಗೋಪ್ಯತೆಯನ್ನು ಹಕ್ಕೆಂದು ಒಪ್ಪಿದೆ. ನಿಮ್ಮ ಅಥವಾ ಇನ್ನೊಬ್ಬರ ಪ್ರಾಣಕ್ಕೆ ಅಪಾಯವಿದ್ದಾಗ, ಕಾನೂನು ಕೇಳಿದಾಗ ಮಾತ್ರ ಆಪ್ತಸಮಾಲೋಚಕರು ಮಾತು ಹೊರಗೆ ಹೇಳಬೇಕಾಗುತ್ತದೆ. ಮೊದಲ ಭೇಟಿಯಲ್ಲೇ ಇದನ್ನು ಕೇಳಿ ತಿಳಿದುಕೊಳ್ಳಿ. ಗಂಡ ಜೊತೆಗೆ ಬಂದರೂ ನಿಮ್ಮೊಬ್ಬರೊಡನೆ ಮಾತನಾಡಲು ಸಮಯ ಇರಲೇಬೇಕು. ಮೊದಲ ಗರ್ಭಪಾತವನ್ನು ಅತ್ತೆಗೆ ಹೇಳಲೇಬೇಕೆಂಬ ನಿಯಮ ಯಾವ ಚಿಕಿತ್ಸೆಯಲ್ಲೂ ಇಲ್ಲ.

ಎಲ್ಲಿಗೆ ಹೋಗಬೇಕು ಎಂದರೆ, ಇವತ್ತೇ ಮಾತನಾಡಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಉಚಿತ, ಹಗಲಿರುಳೂ ಇರುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ತಾಲ್ಲೂಕು ಆಸ್ಪತ್ರೆಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಬರುವ ದಿನ ಯಾವುದೆಂದು ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗರ್ಭಿಣಿಯರ ಮತ್ತು ಬಾಣಂತಿಯರ ಮಾನಸಿಕ ಆರೋಗ್ಯಕ್ಕೆಂದೇ ಪ್ರತ್ಯೇಕ ಸೇವೆಯಿದೆ. ಖಾಸಗಿಯಾಗಿ ಹೋಗುವುದಾದರೆ ವಿದ್ಯಾರ್ಹತೆ ಕೇಳಲು ಸಂಕೋಚ ಬೇಡ, ಏಕೆಂದರೆ ಕೌನ್ಸೆಲರ್ ಎಂಬ ಫಲಕವನ್ನು ಯಾರು ಬೇಕಾದರೂ ಹಾಕಿಕೊಳ್ಳುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರಬೇಕು. ಮಾಡಿದ್ದು ಪಾಪ ಎಂದು ತೀರ್ಪು ಕೊಡುವವರು, ಕ್ಷಮೆ ಕೇಳಿಸುವವರು, ಬೇಗ ಇನ್ನೊಂದು ಮಗು ಮಾಡಿಕೊಳ್ಳಿ ಎಂದು ಮೊದಲ ದಿನವೇ ಹೇಳುವವರು ಸಿಕ್ಕರೆ ಎರಡನೆಯ ಸಲ ಅಲ್ಲಿಗೆ ಹೋಗಬೇಡಿ.

ಕೆಲವು ಲಕ್ಷಣಗಳಿದ್ದರೆ ಕಾಯಬಾರದು. ಬದುಕುವುದೇ ಬೇಡ ಎನ್ನಿಸುವುದು, ಹಲವು ರಾತ್ರಿ ನಿದ್ರೆಯೇ ಇಲ್ಲದಿರುವುದು, ಯಾರೋ ಮಾತನಾಡಿದಂತೆ ಕೇಳುವುದು, ಸ್ನಾನ ಊಟವೂ ಆಗದಷ್ಟು ಕುಸಿಯುವುದು ಕಂಡರೆ ಅದೇ ದಿನ ಮನೋವೈದ್ಯರನ್ನು ಕಾಣಬೇಕು. ಖಿನ್ನತೆಯ ಮಾತ್ರೆ ಬೇಕಾದರೆ ತೆಗೆದುಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದಿಲ್ಲ. ಆರು ತಿಂಗಳು ದಾಟಿದ ಮೇಲೂ ದುಃಖ ಸ್ವಲ್ಪವೂ ಇಳಿಯದೆ ದಿನನಿತ್ಯದ ಬದುಕನ್ನೇ ತಡೆದರೆ ಅದಕ್ಕೂ ನಿರ್ದಿಷ್ಟ ಚಿಕಿತ್ಸೆಯಿದೆ. ಇದನ್ನು ಓದುವ ಇತರ ಮಹಿಳೆಯರಿಗಾಗಿ ಒಂದು ಮಾತು: ಗರ್ಭ ತಾನಾಗಿ ಹೋದರೂ, ಕಾನೂನಿನಂತೆ ತೆಗೆಸಿದರೂ, ಆರು ವಾರಗಳ ವೇತನಸಹಿತ ರಜೆಯನ್ನು ನಮ್ಮ ಕಾನೂನು ಕೊಟ್ಟಿದೆ. ಕೇಳಿ ಪಡೆಯಿರಿ.

ಸೀಮಂತಕ್ಕೆ ಹೋಗಬೇಕೋ ಬೇಡವೋ ಎಂಬುದನ್ನು ನೀವೇ ನಿರ್ಧರಿಸಬೇಕು, ಇತರರಲ್ಲ. ಇಲ್ಲಿ ನೋವು ಎರಡು ಕಡೆಯಿಂದ ಬರಬಹುದು. ಬರಲೇಬೇಕು, ಜನ ಏನೆಂದುಕೊಳ್ಳುತ್ತಾರೆ ಎಂಬ ಒತ್ತಾಯ ಒಂದು ಕಡೆ. ಮಗು ಕಳೆದುಕೊಂಡವಳು ಮಡಿಲು ತುಂಬಬಾರದು ಎಂದು ಪಕ್ಕಕ್ಕೆ ಸರಿಸುವುದು ಇನ್ನೊಂದು ಕಡೆ. ಎರಡನೆಯದು ಎಷ್ಟು ಆಳವಾಗಿ ಇರಿಯುತ್ತದೆಂದು ಹೇಳುವವರಿಗೆ ತಿಳಿದಿರುವುದಿಲ್ಲ. ಸಾಧ್ಯವಾದರೆ ನಾದಿನಿಗೇ ಮೊದಲು ಫೋನ್ ಮಾಡಿ, ‘ನಿನ್ನ ಬಗ್ಗೆ ಸಂತೋಷವಿದೆ, ಆದರೆ ಆ ದಿನ ನನಗೆ ಕಷ್ಟವಾಗಬಹುದು’ ಎಂದು ನೇರವಾಗಿ ಹೇಳಿ. ಹೋದರೆ ಅರ್ಧ ಗಂಟೆ ಇದ್ದು ಬರುವಂತೆ, ಹೊರಡುವ ಸೂಚನೆ ಕೊಟ್ಟ ಕೂಡಲೇ ಗಂಡ ಎದ್ದು ಬರುವಂತೆ ಮೊದಲೇ ಮಾತನಾಡಿಕೊಳ್ಳಿ. ಹೋಗದಿದ್ದರೆ ಒಂದು ಸೀರೆ, ಒಂದಿಷ್ಟು ಹೂವು ಕಳಿಸಿ. ಅದಕ್ಕೆ ಯಾರಿಗೂ ವಿವರಣೆ ಕೊಡಬೇಕಾಗಿಲ್ಲ.

ಮುಂದಿನ ಮಗುವಿನ ಬಗ್ಗೆ ನೀವು ಕೇಳಿಲ್ಲ, ಆದರೂ ಇದೊಂದನ್ನು ಹೇಳದೆ ಬಿಟ್ಟರೆ ತಪ್ಪಾದೀತು. ಒಮ್ಮೆ ನರನಾಳದ ದೋಷವಾದವರಲ್ಲಿ ಅದು ಮರುಕಳಿಸುವ ಸಂಭವ ನೂರಕ್ಕೆ ಎರಡರಿಂದ ಐದರಷ್ಟು. ಗರ್ಭ ಧರಿಸುವ ಮೊದಲೇ ಹೆಚ್ಚಿನ ಪ್ರಮಾಣದ ಫೋಲಿಕ್ ಆ್ಯಸಿಡ್ ಆರಂಭಿಸಿದರೆ ಅದು ಸುಮಾರು ಮುಕ್ಕಾಲು ಪಾಲು ಇಳಿಯುತ್ತದೆ ಎಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ 1991ರ ಪ್ರಯೋಗ ತೋರಿಸಿತು. ಆದ್ದರಿಂದ ಯೋಚನೆ ಬಂದಾಗ ಮೊದಲು ಸ್ತ್ರೀರೋಗ ತಜ್ಞರನ್ನು ಕಂಡು ಮಾತ್ರೆಯ ಪ್ರಮಾಣ ಬರೆಸಿಕೊಳ್ಳಿ. ಗರ್ಭ ನಿಂತರೆ ಐದನೇ ತಿಂಗಳವರೆಗೆ ಕಾಯಬೇಕಿಲ್ಲ, 11ರಿಂದ 14 ವಾರಗಳ ನಡುವಿನ ಸ್ಕ್ಯಾನಿಂಗ್‌ನಲ್ಲೇ ತಲೆಬುರುಡೆಯನ್ನು ನೋಡಬಹುದು. ಆ ಸ್ಕ್ಯಾನಿಂಗ್ ಮಾಡುವ ವೈದ್ಯರಿಗೆ ಹಿಂದಿನ ಸಲ ಏನಾಯಿತೆಂದು ಮೊದಲೇ ತಿಳಿಸಿ, ಪರದೆಯ ಮೇಲೆ ಎಲ್ಲಕ್ಕಿಂತ ಮೊದಲು ತಲೆಯನ್ನೇ ನೋಡಿ ಹೇಳಿ ಎಂದು ಕೇಳಿಕೊಳ್ಳಿ. ಗಂಡ ಪಕ್ಕದಲ್ಲಿರಲು ಅವಕಾಶ ಕೊಡಿ ಎಂದೂ ಕೇಳಿ. ಆ ವಾರಕ್ಕೆ ಆಪ್ತಸಮಾಲೋಚಕಿಯ ಒಂದು ಭೇಟಿಯನ್ನೂ ಗೊತ್ತುಮಾಡಿಕೊಂಡಿರಿ.